ಬೈರಾಸು: ಐದಕ್ಕೆ ನಾಲ್ಕು ಅಂಕ, ಒಂದು ಕಳೆದದ್ದು ಕೆಂಪು ಅಂಚಿಗೆ

ಮಳೆ ಹಿಡಿದರೆ ನಮ್ಮ ಫ್ಲ್ಯಾಟಿನ ಯುಟಿಲಿಟಿಯಲ್ಲಿ ಟರ್ಕಿ ಟವೆಲ್ ಒಣಗುವುದೇ ಇಲ್ಲ. ಎರಡನೇ ದಿನಕ್ಕೆ ಮುಗ್ಗಲು ವಾಸನೆ. ಅತ್ತೆ ಪುತ್ತೂರಿನವರು. ಬಂದ ದಿನವೇ ಕೇಳಿದರು: "ಇದೆಂತ, ಕಂಬಳಿಯಲ್ಲಿ ಮೈ ಒರೆಸುವುದಾ ಮಾರಾಯ್ತಿ? ಒಂದು ಬೈರಾಸು ತಕ್ಕೊಳ್ಳಿಕ್ಕೆ ಆಗುದಿಲ್ವಾ?"

ಅವರ ಬೈರಾಸು ಅಂದರೆ ನಮ್ಮ ಪಾಣಿಪಂಚೆ, ಕೇರಳದವರ ತೋರ್ತು. ಬಿಳಿ, ತೆಳು, ಅಂಚಿಗೊಂದು ಬಣ್ಣದ ಪಟ್ಟೆ. ಗಾಂಧಿ ಬಜಾರಿನ ಸಣ್ಣ ಅಂಗಡಿಯೊಂದರಲ್ಲಿ ಮೂರು ಕೊಂಡೆ. ಮೂರೂ ಸೇರಿ ಒಂದು ಒಳ್ಳೆ ಟರ್ಕಿ ಟವೆಲ್ಲಿನ ದುಡ್ಡೂ ಆಗಲಿಲ್ಲ.

ಮೊದಲ ದಿನ ಮಾತ್ರ ಸಿಟ್ಟು ಬಂತು. ಕಾಗದದ ಹಾಗೆ ಗರಗರ, ನೀರು ಹೀರುವ ಬದಲು ಮೈಮೇಲೆಲ್ಲ ಸವರಿಬಿಟ್ಟಿತು. ಅದು ಗಂಜಿಯ ಕೆಲಸ. ಮಗ್ಗದಲ್ಲಿ ಹಾಸಿನ ಎಳೆ ಕಡಿಯಬಾರದು ಅಂತ ಹಾಕಿರುತ್ತಾರೆ, ಅದು ಬಿಡುವ ತನಕ ಬಟ್ಟೆ ನೀರು ಕುಡಿಯುವುದಿಲ್ಲ. ರಾತ್ರಿ ನೆನೆಹಾಕಿ ಒಗೆಯಿರಿ, ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ನೋಡಿ, ಹಳೇ ಪಂಚೆಯಷ್ಟು ಮೆತ್ತಗಾಗುತ್ತದೆ. ಕಂಫರ್ಟು ಗಿಂಫರ್ಟು ಹಾಕಬೇಡಿ, ಅದು ಎಳೆಗೆ ಮೆತ್ತಿಕೊಂಡು ಮತ್ತೆ ಅದೇ ಕಥೆ.

ಟರ್ಕಿ ಟವೆಲ್ಲಿನ ಮೈ ತುಂಬ ದಾರದ ಕುಣಿಕೆ, ನೀರು ಜಾಸ್ತಿ ಹೀರುತ್ತದೆ, ಆದರೆ ಬಿಡುವುದೂ ಇಲ್ಲ. ಇದು ಬರೀ ಹಾಸು-ಹೊಕ್ಕಿನ ಸಾದಾ ನೇಯ್ಗೆ. ಬೆಳಗ್ಗೆ ಹಿಂಡಿ ಹಗ್ಗಕ್ಕೆ ಹಾಕಿದ್ದು, ಮೋಡ ಕವಿದಿದ್ದರೂ, ಸಂಜೆ ಆಫೀಸಿಂದ ಬರುವಷ್ಟರಲ್ಲಿ ಒಣಗಿರುತ್ತದೆ. ಉದ್ದ ಕೂದಲಿಗಂತೂ ಇದೇ ಸರಿ, ಸುತ್ತಿ ಗಂಟು ಹಾಕಿಕೊಂಡರೆ ಕತ್ತಿಗೆ ಭಾರವೇ ಇಲ್ಲ. ಅತ್ತೆ ಅದರಲ್ಲೇ ಗಂಜಿ ಬಸಿಯುತ್ತಾರೆ, ಅದು ಬೇರೆ ವಿಷಯ.

ಈಗ ದೂರು. ಕೆಂಪು ಅಂಚಿನದು ಬಣ್ಣ ಬಿಟ್ಟು ನನ್ನವರ ಎರಡು ಬನಿಯನ್ ಗುಲಾಬಿ ಆದವು. ಅಂಗಡಿಯವರನ್ನು ಕೇಳಿದರೆ "ಮೊದಲ ಸಲ ಬಿಟ್ಟೇ ಬಿಡುತ್ತೆ ಮೇಡಂ" ಅಂದರು. ಅದನ್ನು ಕೊಡುವಾಗಲೇ ಹೇಳಬಹುದಿತ್ತು, ಅಲ್ವಾ?

ಕೊಳ್ಳುವಾಗ ಕೈಮಗ್ಗದ್ದೇ ಕೇಳಿ. ಹತ್ತಿ ಹೌದೋ ಅಲ್ಲವೋ ಅನುಮಾನ ಬಂದರೆ ಮನೆಗೆ ಬಂದು ಒಂದೆಳೆ ಕಿತ್ತು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ನನ್ನ ಮೂರೂ ಪಾಸಾದವು. ಟರ್ಕಿ ಟವೆಲ್ಲುಗಳು ಈಗ ಕಾಲೊರೆಸು.