ನಿಮ್ಮ ಲಿಪಿಡ್ ನಿಜಕ್ಕೂ ಹೊಸದಾ? ಎಸ್ಪಾಸೆನೆಟ್ ಬಗ್ಗೆ ಒಂದು ವಿಮರ್ಶೆ

ಲಿಪಿಡ್ ನ್ಯಾನೊಕಣಗಳ (ಔಷಧ ಹೊತ್ತೊಯ್ಯುವ, ಕೊಬ್ಬಿನಂಥ ಅಣುಗಳ ಅತಿಸಣ್ಣ ಕಣಗಳು) ಮೇಲೆ ಕೆಲಸ ಮಾಡುವ ನಮ್ಮ ಎಂ.ಫಾರ್ಮ್, ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ನಾನು ಮೊದಲು ತೆರೆಸುವುದು ಎಸ್ಪಾಸೆನೆಟ್. ಯುರೋಪಿಯನ್ ಪೇಟೆಂಟ್ ಆಫೀಸ್ ನಡೆಸುವ ತಾಣ ಇದು. ದುಡ್ಡು ಬೇಡ, ಲಾಗಿನ್ ಬೇಡ, ಒಳಗೆ 15 ಕೋಟಿಗೂ ಜಾಸ್ತಿ ಪೇಟೆಂಟ್ ದಾಖಲೆಗಳಿವೆ. ನಾನು ಪಾಠ ಮಾಡುವುದು ಮೈಸೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ. ದುಬಾರಿ ಡೇಟಾಬೇಸ್‌ಗಳ ಚಂದಾ ಕಟ್ಟುವುದು ನಮ್ಮಂಥ ಕಡೆ ಆಗದ ಮಾತು. ಹಾಗಾಗಿ ಇದು ನಮಗೆ ದೊಡ್ಡ ಆಸರೆ.

ಸುಮ್ನೆ 'ಲಿಪಿಡ್ ನ್ಯಾನೊಪಾರ್ಟಿಕಲ್' ಎಂದು ಟೈಪ್ ಮಾಡಿದರೆ ಫಲಿತಾಂಶಗಳ ರಾಶಿ ಬೀಳುತ್ತದೆ, ಅದರಿಂದ ಉಪಯೋಗವಿಲ್ಲ. ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ವರ್ಗೀಕರಣದ ಸಂಖ್ಯೆಗಳನ್ನು ಹಿಡಿದು ಹೋಗಬೇಕು. ಲಿಪೊಸೋಮ್‌ಗಳಿಗೆ (ಲಿಪಿಡ್ ಪದರದ ಪುಟ್ಟ ಗುಳ್ಳೆಗಳು) ಎ61ಕೆ 9/127, ನ್ಯಾನೊಕಣಗಳಿಗೆ ಎ61ಕೆ 9/51, ಔಷಧವನ್ನು ವಾಹಕಕ್ಕೆ ಜೋಡಿಸಿದ್ದರೆ ಎ61ಕೆ 47/69. ಇವುಗಳ ಜೊತೆ 'ಫೋಲೇಟ್' ಎಂಬ ಒಂದು ಪದ ಸೇರಿಸಿದರೆ ಸಾಕು, ಪಟ್ಟಿ ಓದುವಷ್ಟಕ್ಕೆ ಇಳಿಯುತ್ತದೆ.

ಫೋಲೇಟ್ ಹೆಸರು ಸುಮ್ಮನೆ ತೆಗೆಯಲಿಲ್ಲ. ಕ್ಯಾನ್ಸರ್ ಕೋಶಕ್ಕೇ ಔಷಧ ತಲುಪಲಿ ಎಂದು ಡಿಎಸ್‌ಪಿಇ-ಪಿಇಜಿ ಎಂಬ ಲಿಪಿಡ್‌ನ ತುದಿಗೆ ಫೋಲೇಟ್ (ಒಂದು ಬಿ ವಿಟಮಿನ್) ಕಟ್ಟಿ, 'ಇದಕ್ಕೆ ಪೇಟೆಂಟ್ ಸಿಗುತ್ತಲ್ವಾ ಮೇಡಂ?' ಎಂದು ಕೇಳುವವರು ತುಂಬಾ ಜನ. ಆ ಜೋಡಣೆ 1990ರ ದಶಕದಲ್ಲೇ ಪ್ರಕಟವಾಗಿದೆ. ನಡುವಿನ ಕೊಂಡಿ ಬದಲಿಸಿದ್ದೀರಾ? ಆಗ ಅಣು ಹೊಸದಿರಬಹುದು. ಆದರೆ ಹೊಸದಾದರೆ ಮುಗಿಯಲಿಲ್ಲ. ಈ ಕ್ಷೇತ್ರ ಬಲ್ಲವರು ಯಾರಾದರೂ ಸಹಜವಾಗಿ ಮಾಡಿಬಿಡಬಹುದಾದ ಬದಲಾವಣೆಯೇ ಅದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಬೇಕಾದರೆ ನಿಮ್ಮ ಲಿಪಿಡ್‌ಗೆ ತೀರಾ ಹತ್ತಿರದ ಹಳೆಯ ಲಿಪಿಡ್ ಯಾವುದು ಎಂದು ಗೊತ್ತಿರಬೇಕು. ಎಸ್ಪಾಸೆನೆಟ್ ಗೆಲ್ಲುವುದು ಇಲ್ಲೇ.

ಯಾವುದಾದರೂ ಯುರೋಪಿಯನ್ ಅಥವಾ ಪಿಸಿಟಿ (ಅಂತರರಾಷ್ಟ್ರೀಯ) ಅರ್ಜಿ ತೆರೆದು, ಉಲ್ಲೇಖಿತ ದಾಖಲೆಗಳ ಪುಟಕ್ಕೆ ಹೋಗಿ. ಪರೀಕ್ಷಕರು ಹುಡುಕಿದ ಹಳೆಯ ದಾಖಲೆಗಳ ಪಕ್ಕ ಎಕ್ಸ್, ವೈ, ಎ ಎಂಬ ಅಕ್ಷರಗಳಿರುತ್ತವೆ. ಎಕ್ಸ್ ಎಂದರೆ ಆ ಒಂದೇ ದಾಖಲೆ ಅರ್ಜಿಗೆ ಅಡ್ಡ ಬರುತ್ತದೆ. ವೈ ಎಂದರೆ ಇನ್ನೊಂದರ ಜೊತೆ ಸೇರಿಸಿ ಓದಿದಾಗ ಅಡ್ಡ ಬರುತ್ತದೆ. ಎ ಬರೀ ಹಿನ್ನೆಲೆ. ನಿಮ್ಮ ಅಣುವಿಗೆ ಹತ್ತಿರದ ಅರ್ಜಿಯ ಎಕ್ಸ್‌ಗಳನ್ನು ಮೊದಲು ಓದಿ. ನಾಳೆ ನಿಮಗೆ ಬರುವ ಆಕ್ಷೇಪಣೆಯ ಅರ್ಧ ಭಾಗ ಅಲ್ಲೇ ಇರುತ್ತದೆ. ಇಷ್ಟು ಒಳ್ಳೆಯ ಪಾಠ ಬಿಟ್ಟಿಯಾಗಿ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಕ್ಲೇಮ್‌ಗಳನ್ನು, ಅಂದರೆ ಪೇಟೆಂಟ್ ಯಾವುದರ ಮೇಲೆ ಹಕ್ಕು ಸಾಧಿಸುತ್ತದೆ ಎಂದು ಹೇಳುವ ಸಾಲುಗಳನ್ನು, ಓದಲು ನಾನು ತರಗತಿಯಲ್ಲಿ ತೆರೆಯುವುದು ಯುಎಸ್ 8,058,069. ಪ್ರೋಟಿವಾ ಕಂಪನಿಗೆ 2011ರಲ್ಲಿ ಸಿಕ್ಕ ಪೇಟೆಂಟ್, ನಂತರ ಆರ್ಬ್ಯುಟಸ್ ಕೈಗೆ ಬಂತು. ಮೊದಲ ಕ್ಲೇಮ್‌ನಲ್ಲಿ ನ್ಯೂಕ್ಲಿಯಿಕ್ ಆಮ್ಲವಿರುವ ಕಣದ ಲೆಕ್ಕವಿದೆ: ಕ್ಯಾಟಯಾನಿಕ್ (ಧನ ವಿದ್ಯುದಂಶದ) ಲಿಪಿಡ್ 50ರಿಂದ 65 ಮೋಲ್ ಶೇಕಡಾ (ಅಣುಗಳ ಎಣಿಕೆಯಲ್ಲಿ ಶೇಕಡಾ ಪಾಲು), ಫಾಸ್ಫೊಲಿಪಿಡ್ 4ರಿಂದ 10, ಕೊಲೆಸ್ಟರಾಲ್ 30ರಿಂದ 40, ಕಣಗಳು ಅಂಟಿಕೊಳ್ಳದಂತೆ ತಡೆಯುವ ಲಿಪಿಡ್ 0.5ರಿಂದ 2. ಈಗ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಿಪಿಡ್ ನ್ಯಾನೊಕಣದ ಔಷಧ ಆನ್‌ಪ್ಯಾಟ್ರೊದ ಅನುಪಾತ ಅದೇ ಕ್ರಮದಲ್ಲಿ ನೋಡಿ: 50, 10, 38.5, 1.5. ನಮ್ಮ ಲ್ಯಾಬ್‌ಗಳಲ್ಲಿ ಎಲ್ಲರೂ ಕಣ್ಣುಮುಚ್ಚಿ ಶುರುಮಾಡುವ ಅನುಪಾತವೂ ಇದೇ! ಈ ಪೇಟೆಂಟನ್ನು ಮಾಡೆರ್ನಾ ಪ್ರಶ್ನಿಸಿತು. ಅಮೆರಿಕದ ಪೇಟೆಂಟ್ ಮಂಡಳಿ 2020ರಲ್ಲಿ ಎತ್ತಿಹಿಡಿಯಿತು, 2021ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಒಪ್ಪಿತು. ಅಂದರೆ ನಿಮ್ಮ ಲಿಪಿಡ್‌ಗೆ ನಿಮ್ಮದೇ ಪೇಟೆಂಟ್ ಸಿಕ್ಕರೂ, ಅದನ್ನು ಹಾಕಿ ಮಾಡಿದ ಕಣ ಇನ್ನೊಬ್ಬರ ಕ್ಲೇಮ್‌ನೊಳಗೆ ಬೀಳಬಹುದು. ಇವೆರಡು ಬೇರೆ ಬೇರೆ ವಿಷಯ. ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಾಗ ವಿದ್ಯಾರ್ಥಿಗಳಿಗೆ ತಟ್ಟನೆ ಅರ್ಥವಾಗುತ್ತದೆ.

ಎಸ್ಪಾಸೆನೆಟ್‌ನ ದೊಡ್ಡ ಕೊರತೆ ಒಂದೇ: ಅಣುವಿನ ರಚನೆ ಬರೆದು ಹುಡುಕಲು ಆಗುವುದಿಲ್ಲ. ಲಿಪಿಡ್‌ಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಕೋವಿಡ್ ಲಸಿಕೆಗಳಲ್ಲಿನ ಲಿಪಿಡ್‌ಗಳಾದ ಎಎಲ್‌ಸಿ-0315, ಎಸ್‌ಎಂ-102 ಥರದ ಸಂಕೇತನಾಮಗಳು ಆಮೇಲೆ ಬಳಕೆಗೆ ಬಂದವು. ಮೂಲ ಅರ್ಜಿಗಳಲ್ಲಿ ಸಾಮಾನ್ಯವಾಗಿ 'ಸಂಯುಕ್ತ ಇಷ್ಟನೆಯದು' ಎಂದಿರುತ್ತದೆ, ಇಲ್ಲವೇ ಬರೀ ಚಿತ್ರ. ಪದ ಹುಡುಕಾಟಕ್ಕೆ ಆ ಚಿತ್ರ ಕಾಣುವುದೇ ಇಲ್ಲ. ಅದಕ್ಕೆ ರಾಸಾಯನಿಕಗಳ ಡೇಟಾಬೇಸ್‌ಗಳಾದ ಶ್ಯೂರ್‌ಕೆಂಬಲ್ ಅಥವಾ ಪಬ್‌ಕೆಮ್‌ನಲ್ಲಿ ರಚನೆ ಬರೆದು ಪೇಟೆಂಟ್ ಸಂಖ್ಯೆ ಹಿಡಿಯಿರಿ, ಆಮೇಲೆ ಇಲ್ಲಿ ಬಂದು ಓದಿ. ಅವೆರಡೂ ಉಚಿತವೇ. ಒಂದು ಸಾಮಾನ್ಯ ಸೂತ್ರದಲ್ಲಿ ಸಾವಿರಾರು ಲಿಪಿಡ್‌ಗಳನ್ನು ಒಟ್ಟಿಗೆ ಹೇಳಿಬಿಡುವ ಕ್ಲೇಮ್‌ಗಳಿಗೆ ಮಾತ್ರ ಸಾಮಾನ್ಯವಾಗಿ ದುಡ್ಡು ಕೊಟ್ಟು ಬಳಸುವ ಡೇಟಾಬೇಸ್ ಬೇಕಾಗುತ್ತದೆ.

ಚೀನಾದ ದಾಖಲೆಗಳ ಯಂತ್ರಾನುವಾದ ಸಾರ ತಿಳಿಯಲು ಸಾಕು, ಕ್ಲೇಮ್‌ನ ಪದಪದ ಅಳೆಯಲು ಸಾಲದು.

ಭಾರತದ ಲೆಕ್ಕವೇ ಬೇರೆ. ನಮ್ಮ ಕಾಯ್ದೆಯ ಸೆಕ್ಷನ್ 3(ಡಿ) ಪ್ರಕಾರ, ಗೊತ್ತಿರುವ ವಸ್ತುವಿನ ಎಸ್ಟರ್, ಈಥರ್, ಇತರ ಉತ್ಪನ್ನಗಳು, ಕೊನೆಗೆ ಕಣದ ಗಾತ್ರ ಬದಲಿಸಿದ್ದು ಕೂಡ ಹಳೆಯ ವಸ್ತುವೇ. ಪರಿಣಾಮ ಗಣನೀಯವಾಗಿ ಹೆಚ್ಚಿದೆ ಎಂದು ತೋರಿಸಿದರೆ ಮಾತ್ರ ವಿನಾಯಿತಿ. 2013ರ ನೊವಾರ್ಟಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ಚಿಕಿತ್ಸೆಯ ಪರಿಣಾಮ ಎಂದಿತು. ಲಿಪಿಡ್ ತಾನಾಗಿ ರೋಗ ವಾಸಿಮಾಡುವುದಿಲ್ಲ, ಹೊತ್ತು ತಲುಪಿಸುತ್ತದೆ ಅಷ್ಟೇ. ಆದ್ದರಿಂದ ಕಣದ ಗಾತ್ರ, ಔಷಧ ಹಿಡಿದಿಡುವ ಶೇಕಡಾವಾರು ಇಷ್ಟೇ ಬರೆದು ಅರ್ಜಿ ಹಾಕುವುದು ನನ್ನ ಪ್ರಕಾರ ಸಾಲದು. ಹತ್ತಿರದ ಹಳೆಯ ಲಿಪಿಡ್ ಮತ್ತು ನಿಮ್ಮದು, ಎರಡನ್ನೂ ಒಂದೇ ಪ್ರಯೋಗದಲ್ಲಿ ಇಟ್ಟು, ಗುರಿಯ ಅಂಗಕ್ಕೆ ಎಷ್ಟು ತಲುಪಿತು, ರೋಗ ಎಷ್ಟು ಇಳಿಯಿತು ಎಂಬ ಅಂಕಿ ಬೇಕು. ಭಾರತದ ಪರೀಕ್ಷಕರು ಇಂಥ ಅರ್ಜಿಗಳಿಗೆ ಏನು ಕೇಳಿದ್ದಾರೆ ಎಂದು ನೋಡಲು ನಮ್ಮದೇ ಪೇಟೆಂಟ್ ಕಚೇರಿಯ ಇನ್‌ಪಾಸ್ ತಾಣಕ್ಕೆ ಹೋಗಿ, ಪರೀಕ್ಷಾ ವರದಿಗಳು ಅಲ್ಲಿ ಸಿಗುತ್ತವೆ.

ಇನ್ನೊಂದು ಮಾತು. ಎಸ್ಪಾಸೆನೆಟ್ ಇರುವುದು ಪೇಟೆಂಟ್ ದಾಖಲೆಗಳಿಗೆ. ಪಿಎಚ್‌.ಡಿ. ಪ್ರಬಂಧಗಳ ತಾಣ ಶೋಧಗಂಗಾದಲ್ಲಿ ಏರಿಸಿದ ನಿಮ್ಮದೇ ಪ್ರಬಂಧ ಅಲ್ಲಿ ಕಾಣದಿರಬಹುದು, ಆದರೆ ಪರೀಕ್ಷಕರ ಕಣ್ಣಿಗೆ ಅದೂ ಪ್ರಕಟಣೆಯೇ. ಅರ್ಜಿ ಹಾಕಿದ ಮೇಲೆಯೇ ಪ್ರಬಂಧ ಏರಿಸಿ, ಪೋಸ್ಟರ್ ಅಂಟಿಸಿ.

5ಕ್ಕೆ 4 ಕೊಡುತ್ತೇನೆ. ರಚನೆ ಹುಡುಕಾಟ ಇಲ್ಲದ್ದಕ್ಕೆ ಒಂದು ಕಡಿಮೆ. ಪೇಟೆಂಟ್ ಏಜೆಂಟರ ಹತ್ತಿರ ಹೋಗುವಾಗ ಇಲ್ಲಿ ಸಿಕ್ಕ ತೀರಾ ಹತ್ತಿರದ ಎರಡು ಮೂರು ದಾಖಲೆಗಳನ್ನು ಪ್ರಿಂಟ್ ತೆಗೆದು, ನಿಮ್ಮ ಅಣುವಿಗೂ ಅವಕ್ಕೂ ಇರುವ ವ್ಯತ್ಯಾಸಕ್ಕೆ ಗುರುತು ಹಾಕಿ ಒಯ್ಯಿರಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ ಶೇ. 80ರಷ್ಟು ರಿಯಾಯಿತಿ ಇದೆ, ಕಾಲೇಜಿನ ಹೆಸರಲ್ಲಿ ಹಾಕುವುದಾದರೆ ಅದನ್ನು ಕೇಳಿ ಪಡೆಯಿರಿ.