ದಾವಣಗೆರೆ ಸೆಕೆಗೆ ಕೂಲರೋ, ಇನ್ವರ್ಟರ್ ಎಸಿಯೋ?

ಆರ್‌ಸಿಸಿ ತಾರಸಿಯ ಕೆಳಗಿನ 10×12 ಅಡಿ ಮಲಗುವ ಕೋಣೆ. ಕಿಟಕಿ ಕೂಲರ್, 1 ಟನ್ ಇನ್ವರ್ಟರ್ ಸ್ಪ್ಲಿಟ್ ಎಸಿ ಎರಡನ್ನೂ ಇಲ್ಲೇ ಓಡಿಸಿ ನೋಡಿದ ಹೋಲಿಕೆ ಇದು. ಟನ್ ಅಂದರೆ ಇಲ್ಲಿ ತೂಕವಲ್ಲ, ತಂಪು ಮಾಡುವ ಶಕ್ತಿ. ಇನ್ವರ್ಟರ್ ಎಸಿ ಅಂದರೆ ಅಗತ್ಯಕ್ಕೆ ತಕ್ಕಂತೆ ಕಂಪ್ರೆಸರ್ ವೇಗ ಬದಲಿಸುವಂಥದ್ದು.

ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ. 25 ತೇವಾಂಶ ಇದ್ದಾಗ ಕೂಲರ್‌ನದೇ ಮೇಲುಗೈ. ಕೂಲರ್‌ನ ಒದ್ದೆ ಪ್ಯಾಡ್ ದಾಟಿದ ಗಾಳಿ 26–27 ಡಿಗ್ರಿಗೆ ಇಳಿಯುತ್ತದೆ. ಆದರೆ ಅದು ಹೊರಗಿನ ಗಾಳಿಯನ್ನೇ ಎಳೆಯಬೇಕು, ಎದುರು ಕಿಟಕಿ ಅರ್ಧ ತೆರೆದಿರಬೇಕು. ಬಾಗಿಲು ಮುಚ್ಚಿಕೊಂಡು ಓಡಿಸಿದರೆ ಅರ್ಧ ಗಂಟೆಯಲ್ಲಿ ಮೈಯೆಲ್ಲ ಅಂಟಂಟು. ಮಳೆ ಹಿಡಿದ ಮೇಲೆ, 28 ಡಿಗ್ರಿಗೆ ಶೇ. 80 ತೇವಾಂಶವಿದ್ದರೆ, ಕೂಲರ್ ಇಳಿಸುವುದು ಎರಡೇ ಡಿಗ್ರಿ. ಆಗ ಅದನ್ನು ಒಣಗಿಸಿ ಮೂಲೆಗಿಡಿ, ಫ್ಯಾನ್ ಸಾಕು.

ಕೂಲರ್ ಕೆಡಿಸುವುದು ನಮ್ಮ ಗಡಸು ಬೋರ್ ನೀರು. ಗಂಟೆಗೆ 5ರಿಂದ 8 ಲೀಟರ್ ಆವಿಯಾಗಿ ಹೋಗುತ್ತದೆ, ಅದರ ಸುಣ್ಣ ಮಾತ್ರ ಪ್ಯಾಡ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಮೂರು ದಿನಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಗೂ ಜಾಗ ಸಿಗುವುದಿಲ್ಲ.

ಕರೆಂಟಿನ ಲೆಕ್ಕ: ಕೂಲರ್ 180 ವ್ಯಾಟ್, ಎಂಟು ಗಂಟೆಗೆ ಒಂದೂವರೆ ಯೂನಿಟ್. ಎಸಿ ಮೊದಲು ಸಾವಿರ ವ್ಯಾಟ್ ಎಳೆದು, ಕೋಣೆ ತಣ್ಣಗಾದ ಮೇಲೆ 300–400ಕ್ಕೆ ಇಳಿಯುತ್ತದೆ. ರಾತ್ರಿಗೆ ಸುಮಾರು ನಾಲ್ಕು ಯೂನಿಟ್. ಆದರೆ ತಾರಸಿ ಸುಡುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ರಾತ್ರಿಯೂ ಕೋಣೆಗೆ ಶಾಖ ಬಿಡುತ್ತಲೇ ಇರುತ್ತದೆ, ಕಂಪ್ರೆಸರ್‌ಗೆ ವೇಗ ತಗ್ಗಿಸಲು ಬಿಡುವೇ ಸಿಗದು. ಒಂದೂವರೆ ಟನ್ ಕೊಳ್ಳುವ ಮುಂಚೆ ತಾರಸಿಗೆ ಎರಡು ಕೋಟ್ ಬಿಳಿ ಸುಣ್ಣ ಹೊಡೆಸಿ, ಬಾಗಿಲ ಸಂದಿ ಮುಚ್ಚಿ, ಎಸಿಯನ್ನು 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. 1 ಟನ್ ಧಾರಾಳ.

ತಂಪಿನ ಜೊತೆಗೆ ಬಿಸಿ ಗಾಳಿಯನ್ನೂ ಕೊಡುವ ‘ಹಾಟ್ ಆ್ಯಂಡ್ ಕೋಲ್ಡ್’ ಎಸಿ ಮಾದರಿಗೆ ಹೆಚ್ಚು ದುಡ್ಡು ಕೊಡಬೇಡಿ. ಚಳಿದೇಶಗಳ ಬಿಗಿಯಾದ ಮನೆಗಳಲ್ಲಿ ಇದೇ ಯಂತ್ರ ಹೊರಗಿನ ಶಾಖವನ್ನು ಒಳಗೆಳೆದು, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಬಿಸಿ ಕೊಡುತ್ತದೆ. ನಮ್ಮ ಡಿಸೆಂಬರ್ ಚಳಿಗೆ ಕಂಬಳಿ ಸಾಕು.

ಉಳಿದ ದುಡ್ಡನ್ನು ಜೋಡಣೆಗೆ ಹಾಕಿ: ಬೇರೆ ಲೈನ್, 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್. ಹೊರಗಿನ ಯೂನಿಟ್ ಪಡುವಣ ಗೋಡೆಗೆ ಬೇಡ. ತಾಮ್ರದ ಪೈಪ್ ಜೋಡಿಸಿದ ಮೇಲೆ ಒಳಗಿನ ಗಾಳಿ, ಪಸೆ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಹಚ್ಚಿ ಕನಿಷ್ಠ 20 ನಿಮಿಷ ಓಡಿಸಲು ಮೆಕ್ಯಾನಿಕ್‌ಗೆ ಹೇಳಿ. ಪಂಪ್ ಬದಲು ಎಸಿಯ ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಹಾಕಿದರೆ ಪೈಪಿನೊಳಗೆ ಪಸೆ ಉಳಿಯುತ್ತದೆ, ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ಒಳಗಿಂದಲೇ ತಿನ್ನುತ್ತದೆ.