ನಾಪೋಕ್ಲು ಮಳೆಗೆ ಎಸ್‌ಕ್ಯೂಲೈಟ್: ಎರಡು ಮಳೆಗಾಲದ ಅನುಭವ

ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಜುಲೈ ಬಂತೆಂದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಹವಾಮಾನ ಸೇವೆಯೊಂದರಿಂದ ಗಂಟೆಗೊಮ್ಮೆ ಮಳೆ ಲೆಕ್ಕ ತರಿಸುವ ಪೈಥಾನ್ ಪ್ರೋಗ್ರಾಂ ಬರೆದಿದ್ದೆ. ನೆಟ್ ಹೋದರೆ ಪರದೆ ಖಾಲಿ. ಅಪ್ಪ ಅಂಗಳದ ಮಳೆಮಾಪಕ ತೋರಿಸಿ ನಗುತ್ತಿದ್ದರು. ಬಂದದ್ದನ್ನೆಲ್ಲ ಮನೆಯ ಕಂಪ್ಯೂಟರಿನಲ್ಲೇ ಕೂಡಿಡೋಣ ಎಂದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಹಿಡಿದೆ.

ಸರ್ವರ್ ಬೇಡ, ಕಾಸೂ ಬೇಡ. ಇಡೀ ಡೇಟಾಬೇಸ್ ಒಂದೇ ಫೈಲು. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ್ದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧಂಬರ್ಧ ಕೆಲಸ ರದ್ದಾಗಿ ಹಳೆಯದು ಹಾಗೇ ಉಳಿಯುತ್ತದೆ. ನಮ್ಮೂರಿಗೆ ಇದಕ್ಕಿಂತ ಏನು ಬೇಕು?

ಎಡವಿದ್ದು ನಾನೇ. ಉತ್ತರ ತಡವಾದಾಗ ಪ್ರೋಗ್ರಾಂ ಮತ್ತೆ ಕೇಳುತ್ತಿತ್ತು, ಒಂದೇ ಗಂಟೆಯ ಲೆಕ್ಕ ಎರಡು ಸಲ ಸೇರುತ್ತಿತ್ತು. ಮೂರು ಇಂಚು ಮಳೆ ಆರಾಯಿತು. "ಕಾವೇರಿ ನಮ್ಮ ಅಂಗಳಕ್ಕೇ ಬಂದಳಾ ಮಗ?" ಎಂದರು ಅಪ್ಪ. ಸ್ಥಳ ಮತ್ತು ಸಮಯ ಸೇರಿಸಿ ಪ್ರೈಮರಿ ಕೀ (ಒಂದೇ ಸಾಲು ಎರಡು ಸಲ ಬರದಂತೆ ತಡೆಯುವ ಗುರುತು) ಮಾಡಿ, 2018ರಲ್ಲಿ ಬಂದ ಅಪ್‌ಸರ್ಟ್ ಬಳಸಿದೆ. ಇದ್ದರೆ ತಿದ್ದುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ. ಇನ್ನೊಂದು, ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ (ಯುಟಿಸಿ) ಬರುತ್ತಿತ್ತು. ಅಷ್ಟು ಕೂಡಿಸದೆ ಬೆಳಗಿನ ಜಾವದ ಮಳೆಯೆಲ್ಲ ಹಿಂದಿನ ದಿನಕ್ಕೆ ಹೋಗಿತ್ತು!

ಒಂದು ದೂರು ಇದೆ. ಅಂಕಿ ಇರಬೇಕಾದ ಕಾಲಮ್ಮಿನಲ್ಲಿ 'ಮಾಹಿತಿ ಇಲ್ಲ' ಎಂಬ ಪದ ಬಂದರೂ ಸುಮ್ನೆ ನುಂಗಿಕೊಂಡಿತು. ಇಂಥದ್ದನ್ನು ತಡೆಯುವ ಸ್ಟ್ರಿಕ್ಟ್ ಟೇಬಲ್ 2021ರಿಂದಲೇ ಇದೆಯಂತೆ, ಆದರೆ ಕೇಳಿದರೆ ಮಾತ್ರ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.